ಹೊಗಳಿದರೆ ಬಿಚ್ಚುವ ಕೌದಿ

ನಮ್ಮೂರಿನ ಪೇಟೆಯಲ್ಲಿ ತನ್ನ ಸರಕನ್ನು ತಾನೇ ಹೊಗಳುವ ವ್ಯಾಪಾರಿ ಒಬ್ಬನೂ ಇಲ್ಲ. ಇದ್ದವರು ಎಂದೋ ಅಂಗಡಿ ಮುಚ್ಚಿದರು. ಬೆಣ್ಣೆ ಮಾರುವವಳು ತನ್ನ ಬೆಣ್ಣೆ ಘಮಘಮಿಸುತ್ತದೆ ಎಂದರೆ ಗಡಿಗೆ ಕೆಳಗಿಳಿಸುವಷ್ಟರಲ್ಲಿ ಅದು ನಾರುತ್ತದೆ. ಕುಂಬಾರ ತನ್ನ ಹರವಿ ಗಟ್ಟಿಮುಟ್ಟಾಗಿದೆ ಎಂದರೆ ಮಾತು ಮುಗಿಯುವ ಮೊದಲೇ ಅದರ ಹೊಟ್ಟೆ ಸೀಳುತ್ತದೆ. ಹೊಗಳಿಕೆ ಸುಳ್ಳಾದರೂ ಕೆಡುತ್ತದೆ, ನಿಜವಾದರೂ ಕೆಡುತ್ತದೆ. ಸರಕಿನ ಲಾಭದಲ್ಲಿ ಪಾಲಿರುವವರ ಬಾಯಿಂದ ಅದು ಬರಬಾರದು, ಅಷ್ಟೇ. ಕೊಂಡವರು, ದಾರಿಹೋಕರು, ಪರವೂರಿನವರು ಎಷ್ಟು ಹೊಗಳಿದರೂ ಏನೂ ಆಗುವುದಿಲ್ಲ. ಹೀಗಾಗಿ ಮಾರುವವರ ನಾಲಿಗೆಗೆ ಉಳಿದಿರುವುದು ಒಂದೇ ಮಾತು: ‘ಅಡ್ಡಿಯಿಲ್ಲ.’ ಬದನೆಕಾಯಿ ಹೇಗಿದೆ? ಅಡ್ಡಿಯಿಲ್ಲ. ಬಂಗಾರ? ಅಡ್ಡಿಯಿಲ್ಲ. ಮಗಳನ್ನು ನೋಡಲು ಬಂದ ಬೀಗರ ಮುಂದೆ ತಂದೆ ಕೂಡ ಅದನ್ನೇ ಹೇಳುತ್ತಾನೆ. ಸುಮ್ಮನೆ ಯಾಕೆ ಅಪಾಯವೆಂದು.

ನನ್ನ ತಂದೆಯೂ ಹಾಗೆಯೇ ಹೇಳಿದ್ದ. ಆದರೆ ನನ್ನನ್ನು ನೋಡಲು ಬಂದಿದ್ದ ಅಡಿವೆಪ್ಪ ಆ ಮಾತನ್ನು ಕೇಳಿಸಿಕೊಂಡಿರಲೇ ಇಲ್ಲ. ನನ್ನ ಮುಖಕ್ಕಿಂತ ಮೊದಲು ಅವನು ನೋಡಿದ್ದು ತಾನು ಕುಳಿತಿದ್ದ ಕೌದಿಯನ್ನು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ ನಾನು ಹೊಲಿದಿದ್ದ ಆ ಕೌದಿಯ ಮೇಲೆ ಬೆರಳಾಡಿಸುತ್ತ, ‘ಯಾರು ಹೊಲದದ್ದು ಇದು?’ ಎಂದು ಕೇಳಿದ. ಅಪ್ಪ ನನ್ನತ್ತ ಕೈ ತೋರಿಸಿದ. ‘ಇರಿವಿ ಸಾಲು ಹ್ವಾದಂಗ ಹೋಗೇತಿ ನೋಡ್ರಿ ಹೊಲಿಗಿ. ಒಂದರ ದಾರಿ ತಪ್ಪಿಲ್ಲ,’ ಎಂದ. ಆ ಹೊತ್ತಿಗೆ ನನ್ನ ಕೌದಿಗಳು ಮಾರಾಟಕ್ಕಿರಲಿಲ್ಲ. ಮದುವೆಯಾದ ಮೇಲೆ ನಾನು ಏನನ್ನೇ ಹೊಲಿದರೂ ಅವನು ಅದನ್ನು ಅಂಗಳದ ಬೆಳಕಿಗೆ ತಂದು, ಹಿಂದೆ ಮುಂದೆ ತಿರುವಿ, ಒಂದು ಹೊಸ ಮಾತು ಹೇಳದೆ ಒಳಗೆ ತರುತ್ತಿರಲಿಲ್ಲ. ಬೇರೆ ಹೆಂಗಸರು ಗಂಡಂದಿರಿಂದ ಏನೇನು ಬಯಸುತ್ತಿದ್ದರೋ ನನಗೆ ಗೊತ್ತಿಲ್ಲ. ನನಗೆ ಆ ಮಾತುಗಳೇ ಸಾಕಿದ್ದವು.

ಅವನು ದುಡಿಯುತ್ತಿದ್ದ ಹತ್ತಿ ಗಿರಣಿ ಬಾಗಿಲು ಹಾಕಿದ ವರ್ಷ ನಾವು ಕೌದಿಗಳನ್ನು ಆನ್‌ಲೈನಿನಲ್ಲಿ ಮಾರಲು ಹೊರಟೆವು. ಮೊದಲ ಕೌದಿಯ ಚಿತ್ರ ತೆಗೆಯುವಾಗ ಅಡಿವೆಪ್ಪ ಅಭ್ಯಾಸಬಲದಿಂದ ಬಾಯಿ ತೆರೆದ. ನಾನು ಓಡಿ ಹೋಗಿ ಅಂಗೈಯಿಂದ ಮುಚ್ಚಿದೆ. ಇಬ್ಬರೂ ನಕ್ಕೆವು. ಆ ದಿನದಿಂದ ನಮ್ಮ ಮನೆಯಲ್ಲಿ ಹೊಗಳಿಕೆ ನಿಂತುಹೋಯಿತು. ಹೊಲಿಗೆ ಮುಗಿದ ಕೌದಿಯನ್ನು ಅವನ ಮುಂದೆ ಹರಡಿದರೆ ತುಟಿ ಕಚ್ಚಿಕೊಂಡು ನೋಡುತ್ತಿದ್ದ, ಆಮೇಲೆ ಗೋಡೆಯ ಕಡೆ ತಿರುಗಿ ‘ಅಡ್ಡಿಯಿಲ್ಲ’ ಎನ್ನುತ್ತಿದ್ದ.

ವ್ಯಾಪಾರ ಮಾತ್ರ ಏಳಲಿಲ್ಲ. ಅರ್ಧ ಊರು ಆಗಲೇ ಕೌದಿ ಮಾರಲು ಕುಳಿತಿತ್ತು. ಎಲ್ಲರ ಪುಟದಲ್ಲೂ ಅದೇ ಹಗ್ಗದ ಹೊರಸು, ಅದರ ಮೇಲೆ ಅಂಥದೇ ಕೌದಿ, ಕೆಳಗೆ ಅದೇ ಬರಹ: ‘ಕೌದಿ. ಅಡ್ಡಿಯಿಲ್ಲ.’ ದೂರದ ಊರಿನ ಗಿರಾಕಿಗಳಿಗೆ ನಮ್ಮ ಕಷ್ಟ ಹೇಗೆ ತಿಳಿಯಬೇಕು? ‘ನಿಮಗೇ ಮೆಚ್ಚಿಗೆಯಾಗದ್ದನ್ನು ನಾವೇಕೆ ಕೊಳ್ಳಬೇಕು?’ ಎಂದು ಬರೆಯುತ್ತಿದ್ದರು. ಎಲ್ಲರಿಗಿಂತ ದೊಡ್ಡ ಅಂಗಡಿಯ ಗುರುಸಂಗಪ್ಪ ಒಂದು ಉಪಾಯ ಹೂಡಿದ. ಹೊಗಳಿ ಬರೆಯಲೆಂದು ಗಿರಾಕಿಗಳಿಗೆ ಒಂದೊಂದು ದಿಂಬಿನ ಚೀಲವನ್ನು ಉಡುಗೊರೆಯಾಗಿ ಕಳಿಸಿದ. ಹೊಗಳಿಕೆಗೆ ಕೂಲಿ ಪಡೆದ ಗಳಿಗೆಯಲ್ಲೇ ಅವರು ಲಾಭದ ಪಾಲುದಾರರಾದರು. ಹೊಗಳಿದ್ದೇ ತಡ, ಅವರವರ ಹಾಸಿಗೆಯ ಮೇಲೆಯೇ ಕೌದಿಗಳು ಬಿಚ್ಚಿ ಚಿಂದಿಯಾದವು. ಇನ್ನೊಬ್ಬ, ತನ್ನದನ್ನು ಹೊಗಳುವ ಬದಲು ಮಿಕ್ಕವರ ಸರಕನ್ನೆಲ್ಲ ತೆಗಳಿ ಬರೆದ. ಅವನ ಕೌದಿಗಳಿಗೆ ಏನೂ ಆಗಲಿಲ್ಲ. ಪೇಟೆಯವರೆಲ್ಲ ಸೇರಿ ಅವನ ಕಾಲು ಮುರಿದರು.

ನಮಗೆ ದಾರಿ ತೋರಿಸಿದವಳು ಚಾಂದಬಿ. ಸ್ಟೀಲಿನ ಪಾತ್ರೆ ಕೊಟ್ಟು ಬದಲಿಗೆ ಹಳೆಯ ಸೀರೆ ತರುವ ಅವಳು ನನಗೆ ಬಟ್ಟೆ ಒದಗಿಸುತ್ತಿದ್ದಳು. ಒಂದು ಬೆಳಿಗ್ಗೆ ಗಂಟನ್ನು ಜಗುಲಿಯ ಮೇಲೆ ಒಗೆದು, ನನ್ನ ಮುಖ ನೋಡಿದವಳೇ, ‘ಯಾಕವಾ ನೀಲಗಂಗಾ, ಮಾರಿ ಹುಳ್ಳಗ ಮಾಡಿ? ಇವತ್ತೂ ಆರ್ಡರ್ ಇಲ್ಲೇನು?’ ಎಂದಳು.

‘ಎಲ್ಲಿದು ಚಾಂದಬಿ. ಎಲ್ಲಾರೂ ಒಂದ ನಮೂನಿ ಕಾಣತೇವಂತ. ನಂದು ಬ್ಯಾರೆ ಅಂತ ಹ್ಯಾಂಗ ತೋರಸ್ಲಿ?’

‘ನಿನ್ನ ಗಂಡ ಇಲ್ಲೇನು, ತುಟಿ ಹೊಲಕೊಂಡು ಕುಂತಾನಲ್ಲ? ಅವಗ ಒಮ್ಮಿ ಬಾಯಿ ಬಿಡು ಅನ್ನು. ಫೋನಿನ ಮುಂದ ಹೊಗಳ್ಲಿ. ಬಿಚ್ಚಿ ಬೀಳೂದನ್ನರ ನೋಡಿ ಮಂದಿ ಖುಷಿಪಡ್ಲಿ,’ ಎಂದು ನಕ್ಕು, ಎಲೆಯಡಿಕೆ ಬಾಯಿಗೆ ತುರುಕಿಕೊಂಡಳು.

ಅವಳು ಆಡಿದ್ದು ತಮಾಷೆಗೆ. ನಾನು ಅದನ್ನು ನಿಜವಾಗಿಯೇ ತೆಗೆದುಕೊಂಡೆ. ಪರವೂರಿನವರಿಗೆ ಹೊಗಳಿಕೆ ಕೇಳಿ ಕೇಳಿ ಸಾಕಾಗಿದೆ. ಅಲ್ಲಿ ಎಲ್ಲ ಅಂಗಡಿಯವರೂ ತಮ್ಮನ್ನು ತಾವೇ ಹೊಗಳಿಕೊಳ್ಳುತ್ತಾರೆ. ಹೊಗಳಿದರೆ ಸರಕು ಉಳಿಯದ ಊರೊಂದಿದೆ ಎಂದು ಕಣ್ಣಾರೆ ಕಂಡರೆ, ಆ ಊರಿನ ಮೌನವನ್ನು ಅವರು ನಂಬಿಯಾರು. ಮುಂದಿನ ಭಾನುವಾರ ಬೆಳಿಗ್ಗೆ ಕೂಸಿನ ಅಳತೆಯ ಒಂದು ಪುಟ್ಟ ಕೌದಿಯನ್ನು ಮಾರಾಟಕ್ಕೆಂದು ಪುಟಕ್ಕೆ ಹಾಕಿ, ಫೋನನ್ನು ಡಬ್ಬಿಗೆ ಆನಿಸಿ ನಿಲ್ಲಿಸಿ, ಲೈವ್ ಶುರುಮಾಡಿದೆ. ಅಡಿವೆಪ್ಪನ ಕೈಗೆ ಕೌದಿ ಕೊಟ್ಟು, ‘ಈಗ ಮನಸ್ನಾಗಿದ್ದದ್ದು ಹೇಳ್ರಿ,’ ಎಂದೆ.

ಅವನು ಕೌದಿಯನ್ನು ಬೆಳಕಿಗೆ ಹಿಡಿದು ಹಿಂದೆ ಮುಂದೆ ತಿರುವಿದ. ಆಮೇಲೆ ಹೇಳಿದ: ‘ಈ ಹಸರಿನ ಮಗ್ಗಲಕ ಈ ಕೆಂಪು ಇಟ್ಟಾಳ ನೋಡ್ರಿ. ಮೆಣಸಿನ ಗಿಡ ಹಣ್ಣಾದಂಗ ಕಾಣತೈತಿ.’ ಮೊದಲು ಒಂದು ಮೂಲೆಯ ದಾರ ಸಡಿಲವಾಯಿತು. ಆಮೇಲೆ ಯಾರೋ ಒಳಗಿನಿಂದ ಎಳೆದಂತೆ ಸಾಲು ಸಾಲಾಗಿ ಹೊಲಿಗೆ ಹೊರಬಂದು, ಹಸಿರು ಒಂದು ಕಡೆ, ಕೆಂಪು ಒಂದು ಕಡೆ, ಅವನ ಮಡಿಲಲ್ಲಿ ಬರಿಯ ತುಂಡುಗಳು ಉಳಿದವು.

ವಾರ ತುಂಬುವುದರೊಳಗೆ ನಮ್ಮ ಅಂಗಡಿಯ ಹೆಸರು ದೂರದೂರಕ್ಕೆ ಹೋಯಿತು. ಪುಟದ ತಲೆಯ ಮೇಲೆ ‘ಹೊಗಳಿದ್ದನ್ನು ನಾವು ಮಾರುವುದಿಲ್ಲ’ ಎಂದು ಬರೆಸಿದೆ. ಭಾನುವಾರಗಳಂದು ಜನ ಕಾಫಿ ಲೋಟ ಹಿಡಿದು ಕಾಯುತ್ತಿದ್ದರಂತೆ. ಗುರುಸಂಗಪ್ಪನೂ ಮಿಕ್ಕವರೂ ನಮ್ಮನ್ನು ನೋಡಿ ಅದನ್ನೇ ಮಾಡಿದರು. ಆದರೆ ಅವರ ಬಾಯಲ್ಲಿ ಬರುತ್ತಿದ್ದುದು ‘ಭಾರೀ ಚಲೋ ಐತಿ’, ‘ನಂಬರ್ ಒನ್’ ಇಷ್ಟೇ. ಬಿಚ್ಚುವುದನ್ನು ಯಾರು ಬೇಕಾದರೂ ತೋರಿಸಬಹುದಿತ್ತು. ಅಡಿವೆಪ್ಪನಂತೆ ನೋಡುವ ಕಣ್ಣು ಇನ್ನೊಬ್ಬರಿಗಿರಲಿಲ್ಲ. ಹೊಲಿಯಲು ಓಣಿಯ ಹೆಂಗಸರು ಬಂದರು. ಗಂಡ ಸತ್ತವಳು, ಗಂಡ ಬಿಟ್ಟವಳು, ಗಂಡನಿದ್ದೂ ಇಲ್ಲದವಳು. ನನ್ನ ಪಡಸಾಲೆಯಲ್ಲಿ ಕುಳಿತು ದುಡಿದದ್ದರಿಂದ ಅವರ ಒಲೆ ಹೊತ್ತುತ್ತಿತ್ತು.

ನನಗೆ ಇದರಲ್ಲಿ ಇನ್ನೊಂದು ಸುಖವಿತ್ತು. ವಾರಕ್ಕೊಮ್ಮೆಯಾದರೂ ಅವನ ಮಾತು ಕಿವಿಗೆ ಬೀಳುತ್ತಿತ್ತು. ಅದಕ್ಕಿಂತ ಹೆಚ್ಚಾಗಿ, ಹೊಲಿಗೆ ಬಿಚ್ಚುವಾಗ ನನಗೆ ಮಾತ್ರ ಕಾಣುವ ಒಂದು ಅರ್ಥವಿತ್ತು: ನನ್ನದು ಅವನದೂ ಹೌದು, ಅವನ ಪಾಲು ನನ್ನಲ್ಲಿ ಇನ್ನೂ ಇದೆ. ಕೌದಿಯೊಂದು ಹಾಳಾಗುತ್ತಿದ್ದಂತೆ ನಾನು ಒಳಗೊಳಗೇ ಬೀಗುತ್ತಿದ್ದೆ. ಯಾವ ಹೆಂಡತಿಗೆ ಪ್ರತಿ ಭಾನುವಾರ ಊರೆದುರು ಇಂಥ ಸಾಕ್ಷಿ ಸಿಗುತ್ತದೆ?

ಅಡಿವೆಪ್ಪ ಮಾತ್ರ ಲೈವ್ ಮುಗಿದ ಮೇಲೆ ಆ ತುಂಡುಗಳನ್ನು ಒಂದೊಂದಾಗಿ ಆಯ್ದು ಮಡಿಚಿಡುತ್ತಿದ್ದ. ಒಮ್ಮೆ, ‘ನನ್ನ ಬಾಯಾಗ ವಿಷ ಐತಿ ನೀಲಾ,’ ಎಂದ. ‘ಆ ವಿಷದಾಗ ನಮ್ಮ ಅಂಗಡಿ ನಡದೈತಿ, ಸುಮ್ನ ಇರ್ರಿ,’ ಎಂದು ನಾನು ಚೇಷ್ಟೆ ಮಾಡಿದೆ. ಅವನು ನಗಲಿಲ್ಲ. ಗುರುಸಂಗಪ್ಪನಂತೂ ಸಿಕ್ಕಲ್ಲೆಲ್ಲ ಅವನನ್ನು ಕೆಣಕುತ್ತಿದ್ದ. ‘ಏನಪಾ ಅಡಿವೆಪ್ಪಾ, ಹೆಂಡ್ತಿ ವಾರಗಟ್ಲೆ ಕುಂತು ಹೊಲೀತಾಳ, ನೀ ಒಂದ ಮಾತಿಗೆ ಹರದು ಹಾಕ್ತಿ! ಗಂಡಸ ಆಗಿ ಇದ ಏನ ಉದ್ಯೋಗನೋ ಮಾರಾಯ? ನಮ್ಮ ಕಡೆ ಬಾ, ಸುಮ್ನ ಕೈಯಾಡಿಸಿ ಚಲೋದು ಕೆಟ್ಟದ್ದು ಆರಿಸಿ ಕೊಡು. ಬಾಯಿ ಬಿಡೂ ಕೆಲಸ ಇಲ್ಲ.’ ಈ ಮಾತನ್ನು ಅಡಿವೆಪ್ಪನೇ ಮನೆಗೆ ಬಂದು ನನಗೆ ಹೇಳಿದ. ಹೇಳಿದನಲ್ಲ ಎಂದೇ ನಾನು ಹೆದರಲಿಲ್ಲ.

ಆ ಭಾನುವಾರ ಅವನು ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದ. ಚಹಾ ಕೊಟ್ಟರೆ ಬೇಡವೆಂದ. ಹೊಲಿಯುವ ಹೆಂಗಸರು ಗೋಡೆಗೆ ಒರಗಿ ಕುಳಿತಿದ್ದರು, ಚಾಂದಬಿ ಬಾಗಿಲಲ್ಲಿದ್ದಳು, ಫೋನಿನ ಆಚೆ ಎಣಿಸಲಾಗದಷ್ಟು ಜನ. ನಾನು ಕೊಟ್ಟ ಪುಟ್ಟ ಕೌದಿಯನ್ನು ಅವನು ಮೊಣಕಾಲಿನ ಮೇಲೆ ಹರಡಿಕೊಂಡು ಹೇಳಿದ: ‘ಇದನ್ನ ಹೊಚ್ಚಿಗೊಂಡ ಕೂಸು ಅಳೂದನ್ನ ಮರೀತೈತಿ. ಅಷ್ಟ ಮೆತ್ತಗ ಹೊಲದಾಳ.’

ಏನೂ ಆಗಲಿಲ್ಲ.

ಮೂಲೆಗಳತ್ತ ನೋಡಿದೆ. ದಾರ ಅಲ್ಲಾಡಲಿಲ್ಲ. ಒಮ್ಮೊಮ್ಮೆ ತಡವಾಗುವುದುಂಟು ಎಂದುಕೊಂಡೆ. ಹಾಗೆ ತಡವಾದದ್ದು ಎಂದೂ ಇರಲಿಲ್ಲ. ಅಡಿವೆಪ್ಪ ದನಿ ಏರಿಸಿ ಇನ್ನೊಂದು ಮಾತು ಹೇಳಿದ, ಮತ್ತೊಂದು ಹೇಳಿದ. ಅವನ ಹಣೆಯ ಮೇಲೆ ಬೆವರು ಮೂಡಿತು. ಆ ಕೌದಿಯಲ್ಲೇ ದೋಷವಿರಬಹುದೆಂದು ನಾನು ಅದನ್ನು ಕಸಿದು, ಮಾರಾಟಕ್ಕಿದ್ದ ಬೇರೊಂದನ್ನು ಅವನ ಕೈಗೆ ತುರುಕಿದೆ. ಅದನ್ನೂ ಹೊಗಳಿದ. ಅದೂ ಗಟ್ಟಿಯಾಗಿ ಕುಳಿತಿತ್ತು. ಗೋಡೆಗೆ ಒರಗಿದ್ದ ಹೆಂಗಸರು ನೆಟ್ಟಗಾದರು. ಚಾಂದಬಿ ಸೆರಗನ್ನು ಬಾಯಿಗೆ ಒತ್ತಿಕೊಂಡು, ‘ಯಾ ಅಲ್ಲಾ,’ ಎಂದಳು. ನಮ್ಮೂರಿನಲ್ಲಿ ಹುಟ್ಟಿದವರು ಯಾರಿಗೂ ಅದರ ಅರ್ಥವನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಪಾಲಿಲ್ಲದವನ ಹೊಗಳಿಕೆಗೆ ಮಾತ್ರ ಸರಕು ಕೆಡುವುದಿಲ್ಲ.

ಫೋನು ಟಿಂಗೆಂದಿತು. ಮತ್ತೆ ಟಿಂಗೆಂದಿತು. ಆಮೇಲೆ ಅದು ನಿಲ್ಲಲೇ ಇಲ್ಲ. ಪರವೂರಿನವರಿಗೆ ಕಂಡದ್ದೇ ಬೇರೆ. ‘ಎಂಥ ಗಟ್ಟಿ ಹೊಲಿಗೆ! ಹೊಗಳಿದರೂ ಬಿಚ್ಚದ ಕೌದಿ!’ ಎಂದು ಒಬ್ಬರ ಮೇಲೊಬ್ಬರು ಬರೆಯುತ್ತಿದ್ದರು, ಆರ್ಡರ್ ಹಾಕುತ್ತಿದ್ದರು. ಅಡಿವೆಪ್ಪ ಅದನ್ನು ಓದಿ ಉಸಿರು ಬಿಟ್ಟ. ‘ನೋಡು ನೀಲಾ, ಒಳ್ಳೇದ ಆತು,’ ಎಂದ.

ನಾನು ಲೈವ್ ನಿಲ್ಲಿಸಿದೆ. ‘ಎಲ್ಲಿ ಹ್ವಾದ್ರಿ?’ ಎಂದು ಕೇಳಿದೆ.

‘ಎಲ್ಲಿ ಹೋಗೇನಿ? ಇಲ್ಲೇ ನಿನ್ನ ಮುಂದ ಕುಂತೀನಲ್ಲ.’

‘ಕುಂತದ್ದು ಕಾಣತೈತಿ. ಹ್ವಾದದ್ದು ಎಲ್ಲಿಗೆ?’

ಅವನು ಕೌದಿಯನ್ನು ಮಡಿಚತೊಡಗಿದ. ಅಂಚಿಗೆ ಅಂಚು ಕೂಡಿಸುತ್ತ ತಲೆಯೆತ್ತದೆ ಹೇಳಿದ: ‘ಗುರುಸಂಗಪ್ಪಗ ಮಾತು ಕೊಟ್ಟೀನಿ. ನಿನ್ನೆ. ಇವತ್ತಿಂದೊಂದು ಮುಗಿಸಿ ಹೇಳೂಣು ಅಂತಿದ್ದೆ. ಮಾತು ಕೊಟ್ಟ ಮಾತ್ರಕ್ಕ ಹಿಂಗ ಆಗತೈತಂತ ತಿಳದಿರಲಿಲ್ಲ.’

‘ಅಂಗಡಿ ಬಿಟ್ರೋ, ಮನಿ ಬಿಟ್ರೋ?’

ಅದನ್ನು ಕೇಳಬಾರದಿತ್ತು. ಉತ್ತರ ಅವನ ತೊಡೆಯ ಮೇಲೆಯೇ ಇತ್ತು. ಅಂಗಡಿಯನ್ನಷ್ಟೇ ಬಿಟ್ಟಿದ್ದರೆ, ನನ್ನ ಒಲೆಯ ಮೇಲೆ ಬೆಂದದ್ದನ್ನು ನಾಳೆಯೂ ಉಣ್ಣುವವನಾಗಿದ್ದರೆ, ಒಂದು ಮೂಲೆಯ ದಾರವಾದರೂ ಸಡಿಲವಾಗುತ್ತಿತ್ತು. ‘ಅಂವನ ಗೋದಾಮಿನ ಹಿಂದ ಒಂದು ಖೋಲಿ ಐತಿ,’ ಎಂದ ಅಡಿವೆಪ್ಪ. ‘ಸಿಟ್ಟಿಲ್ಲ ನೀಲಾ ನಿನ್ನ ಮ್ಯಾಲೆ. ಬ್ಯಾರೆ ಯಾರೂ ಇಲ್ಲ. ಸಾಕಾಗೇತಿ, ಅಷ್ಟ.’

ಬೇರೆ ಯಾರಾದರೂ ಇದ್ದಿದ್ದರೆ ನಾನು ಅವಳ ಮನೆಯ ಮುಂದೆ ಹೋಗಿ ನಿಂತು ಕೂಗಾಡಬಹುದಾಗಿತ್ತು. ‘ಹಂಗಾರ ಹೋಗು,’ ಎಂದೆ. ಅಲ್ಲಿಯವರೆಗೆ ಬಹುವಚನ ಬಿಟ್ಟು ಅವನನ್ನು ಕರೆದವಳಲ್ಲ ನಾನು. ಅವನಿಗೂ ಅದು ತಿಳಿಯಿತು. ಹೊಸ್ತಿಲು ದಾಟಿದವನು ತಿರುಗಿ, ‘ಭಾನುವಾರಕ್ಕೊಮ್ಮಿ ಬಂದು ಹೊಗಳಿ ಹೋಗ್ಲೇನು? ಈಗ ನನ್ನ ಮಾತಿಗೆ ನಿನ್ನ ಸರಕು ಕೆಡಂಗಿಲ್ಲ,’ ಎಂದ. ಆಮೇಲೆ ನಗಲು ನೋಡಿದ. ‘ನಿನ್ನ ಕೌದಿ ಹೊಗಳಬೇಕಂದ್ರ ನಿನ್ನನ್ನ ಬಿಡಬೇಕಾತು ನೋಡು.’

ಚಾಂದಬಿ ಬಾಗಿಲಿಂದಲೇ, ‘ಬಾಯಾಗ ಹುಳಾ ಬೀಳ್ಲಿ ನಿನಗ,’ ಎಂದು ಶಪಿಸಿದಳು. ಆದರೆ ಗೋಡೆಗೆ ಒರಗಿದ್ದ ಹೆಂಗಸರು ಯಾರೂ ಶಪಿಸಲಿಲ್ಲ. ಅವರು ನನ್ನ ಫೋನನ್ನು ನೋಡುತ್ತಿದ್ದರು. ಅದು ಇನ್ನೂ ಟಿಂಗೆನ್ನುತ್ತಿತ್ತು. ನಾನು ಒಪ್ಪಿಕೊಂಡೆ.

ನನ್ನ ಕರಾರು ಒಂದೇ ಇತ್ತು: ನಮ್ಮ ಮನೆಯಿಂದ ಅವನು ಏನನ್ನೂ ಪಡೆಯಕೂಡದು. ದುಡ್ಡು ಹಾಗಿರಲಿ, ಒಂದು ಲೋಟ ನೀರೂ ಇಲ್ಲ. ಚೂರು ಪಾಲು ಹುಟ್ಟಿದರೂ ಊರೆದುರು ಎಲ್ಲ ಬಿಚ್ಚಿಹೋದೀತು. ಗುರುಸಂಗಪ್ಪ ಅಡ್ಡ ಬರಲಿಲ್ಲ. ತನ್ನ ಸರಕನ್ನು ಹೊಗಳಲಾರದ ಬಾಯಿ ಎಲ್ಲಿ ತೆರೆದರೇನು, ಅವನಿಗೆ ಬೇಕಾದದ್ದು ಅಡಿವೆಪ್ಪನ ಕೈ. ಈ ಲೆಕ್ಕ ತಪ್ಪಿ ಗುರುಸಂಗಪ್ಪ ನಷ್ಟಕ್ಕೆ ಬಿದ್ದ. ಎದುರಾಳಿಯ ಅಂಗಡಿಯಲ್ಲಿ ದುಡಿಯುವವನು, ತಾನು ಬಿಟ್ಟುಬಂದ ಹೆಂಡತಿಯ ಕೌದಿಯನ್ನು ಪುಕ್ಕಟೆ ಬಂದು ಹೊಗಳಿ ಹೋಗುತ್ತಾನೆಂದರೆ ಅದಕ್ಕಿಂತ ನಂಬಿಕೆಯ ಮಾತು ಎಲ್ಲಿ ಸಿಗುತ್ತದೆ? ಮಿಕ್ಕ ಅಂಗಡಿಗಳೆಲ್ಲ ನಮ್ಮ ನೆರಳಿನಲ್ಲಿ ಮಸುಕಾದವು. ಪೇಟೆಯ ಒಂದೆರಡು ಮನೆಗಳಲ್ಲಿ ಗಂಡಹೆಂಡಿರು ನಮ್ಮನ್ನು ನೋಡಿ ಬೇರೆಯಾದರು. ಪಂಚರನ್ನು ಕರೆಸಿ, ಪಾತ್ರೆ ಪಗಡ ಹಂಚಿಕೊಂಡು, ಗಂಡ ಅಳಿಯನ ಮನೆ ಸೇರಿ, ಆಮೇಲೆ ಫೋನಿನ ಮುಂದೆ ಬಂದು ಹೊಗಳಿದರೆ, ಬಾಯಿ ತೆರೆದೊಡನೆ ಕೌದಿ ಚಿಂದಿ! ಊರೆಲ್ಲ ಬಿದ್ದು ಬಿದ್ದು ನಕ್ಕಿತು. ಅವರೂ ನಾಚಿಕೊಂಡು, ಪಾತ್ರೆಗಳನ್ನು ಹೊತ್ತು ಮತ್ತೆ ಒಂದೇ ಮನೆ ಸೇರಿದರು. ಅವರದು ಬಿಚ್ಚಿತಲ್ಲ ಎಂದು ಆ ವಾರವೆಲ್ಲ ನನಗೆ ಹೊಟ್ಟೆಕಿಚ್ಚು.

ಅಡಿವೆಪ್ಪ ಹೇಳಿದ ಹೊತ್ತಿಗೆ ಬರುತ್ತಿದ್ದ. ಮದುವೆಯ ಮೊದಲ ವರ್ಷಗಳಲ್ಲಿ ಆಡಿದ್ದಕ್ಕಿಂತ ಚೆಂದದ ಮಾತುಗಳನ್ನು ಆಡುತ್ತಿದ್ದ. ಎಲ್ಲವೂ ನಿಜ. ಹೇಳುವಾಗ ಅವನ ಮುಖ ಹಗುರಾಗಿರುತ್ತಿತ್ತು. ತನ್ನ ಮಾತಿಗೆ ಏನೂ ಹರಿಯದೆ ಉಳಿಯುವುದೇ ಅವನಿಗೆ ಸಿಕ್ಕ ಕೂಲಿ. ನಾನು ಪಕ್ಕದಲ್ಲಿ ಕುಳಿತು, ಕೌದಿಯ ಒಂದು ಅಂಚನ್ನು ಹಿಡಿದುಕೊಂಡು, ಯಾರಿಗೂ ಕಾಣದಂತೆ ಅದರ ಅಡಿಯಲ್ಲಿ ಬೆರಳಾಡಿಸುತ್ತಿದ್ದೆ.

ಒಂದು ಭಾನುವಾರ ಅವನಿಗೆ ಕೆಮ್ಮು ಬಂತು. ನಾನು ಎದ್ದು ನೀರು ತಂದುಕೊಟ್ಟೆ. ಹೊಲಿಯುವವಳೊಬ್ಬಳು ‘ಅಕ್ಕಾರ!’ ಎಂದು ಚೀರಿದಳು. ಅಷ್ಟರಲ್ಲಿ ಅವನು ಕುಡಿದಾಗಿತ್ತು. ಆಮೇಲೆ ಹೊಗಳಿದ. ನನ್ನ ಬೆರಳಿಗೆ ದಾರ ಬಿಗಿಯಾಗಿಯೇ ಹತ್ತಿತು. ಮರುವಾರ ಚಹಾ ಕೊಟ್ಟೆ, ಶುಂಠಿ ಜಜ್ಜಿ ಹಾಕಿ, ಅವನು ಕುಡಿಯುತ್ತಿದ್ದ ಹಾಗೆ. ಏನೂ ಆಗಲಿಲ್ಲ. ಚಾಂದಬಿ ನನ್ನನ್ನು ಹಿತ್ತಲಿಗೆ ಎಳೆದುಕೊಂಡು ಹೋಗಿ ಬೈದಳು. ‘ಹುಚ್ಚಿ, ಬಿಚ್ಚಿದ್ರ ಏನ ಮಾಡ್ತಿ? ಮಂದಿ ಮೋಸ ಅಂತಾರ. ಅಂಗಡಿ ಮುಳಗತೈತಿ. ಇಷ್ಟ ಮಂದಿ ಹೆಂಗಸ್ರು ನಿನ್ನ ನಂಬ್ಯಾರ.’

‘ಗೊತ್ತೈತಿ ಚಾಂದಬಿ.’

‘ಗೊತ್ತಿದ್ದೂ ಯಾಕ ಕೊಡ್ತಿ?’

ನಾನು ಒಗೆದ ಬಟ್ಟೆಗಳನ್ನು ತಂತಿಯಿಂದ ತೆಗೆಯುತ್ತ ನಿಂತೆ. ಅವಳು ತನ್ನ ಗಂಟೆತ್ತಿಕೊಂಡು ಹೋದಳು.

ಮುಂದಿನ ಭಾನುವಾರ ರೊಟ್ಟಿ ಬಡಿದೆ. ಎಣ್ಣೆಗಾಯಿ ಮಾಡಿದೆ, ಅಗಸಿ ಚಟ್ನಿ ಅರೆದೆ. ಲೈವ್ ಶುರುವಾಗುವ ಮೊದಲು ತಾಟು ತಂದು ಅವನ ಮುಂದಿಟ್ಟೆ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಯಾರೂ ತಡೆಯಲಿಲ್ಲ. ಅಡಿವೆಪ್ಪ ಹಸಿದಿದ್ದ. ‘ರೊಟ್ಟಿ ಹಾಳಿ ಆಗ್ಯಾವು ನೋಡು, ಬೆಳಕು ಹಾಯತೈತಿ,’ ಎನ್ನುತ್ತ ತಾಟು ಬರಿದು ಮಾಡಿದ. ಗೋದಾಮಿನ ಖೋಲಿಯಲ್ಲಿ ಅವನೇ ಬೇಯಿಸಿಕೊಳ್ಳುತ್ತಾನಂತೆ, ಅನ್ನ ತಳ ಹತ್ತುತ್ತದಂತೆ. ಅದನ್ನೂ ನಗುತ್ತ ಹೇಳಿದ. ಫೋನು ಹಚ್ಚಿದೆ. ಆ ದಿನದ್ದು ದೊಡ್ಡ ಕೌದಿ, ಇಬ್ಬರು ಹೊದೆಯುವಂಥದ್ದು. ಅವನು ಅದನ್ನು ನಮ್ಮಿಬ್ಬರ ಮೊಣಕಾಲುಗಳ ಮೇಲೂ ಹರಡಿ, ಮೊದಲ ದಿನ ನಮ್ಮಪ್ಪನ ಮನೆಯಲ್ಲಿ ಮಾಡಿದ ಹಾಗೆ ಬೆರಳಾಡಿಸಿ, ಊರೆಲ್ಲ ಕೇಳುವಂತೆ ಹೊಗಳಿದ. ಹೊಲಿಗೆ ಹಾಗೆಯೇ ನಿಂತಿತು. ಆಚೆಯವರು ಚಪ್ಪಾಳೆಯ ಗುರುತುಗಳನ್ನು ಸುರಿದರು. ಅವನು ಎದ್ದು, ಕೈ ತೊಳೆದು, ನಾನು ಚಾಚಿದ ಟವೆಲನ್ನು ಮುಟ್ಟದೆ ತನ್ನ ಕರವಸ್ತ್ರದಲ್ಲೇ ಒರೆಸಿಕೊಂಡು, ‘ಬರ್ತೀನವಾ ನೀಲಗಂಗಾ,’ ಎಂದು ಪರವೂರ ನೆಂಟನಂತೆ ಹೇಳಿ ಮೆಟ್ಟಿಲಿಳಿದ. ನೆಂಟ ಉಂಡ ಊಟಕ್ಕೆ ಪಾಲು ಹುಟ್ಟುವುದಿಲ್ಲ.

ಫೋನು ಇನ್ನೂ ಹಚ್ಚಿಯೇ ಇತ್ತು. ಕೌದಿಯ ಅಡಿಯಲ್ಲಿ ನನ್ನ ಬೆರಳಿಗೆ ದಾರದ ಒಂದು ತುದಿ ಸಿಕ್ಕಿತ್ತು. ಉಗುರಿಗೆ ಸುತ್ತಿಕೊಂಡು ಬಲವಾಗಿ ಎಳೆಯುತ್ತಿದ್ದೆ. ನಾನೇ ಹಾಕಿದ ಹೊಲಿಗೆ, ಬರಲಿಲ್ಲ.